ಒಡಪು ನಿಂತ ಮೇಲೆ ಬೀಳುವ ಪೆಟ್ಟು

ತೆಲಂಗಾಣದ ಗಡಿಯ ಮಕ್ತಲ್‌ನಲ್ಲಿ, ಒಂದು ಮದುವೆಯ ಗುಗ್ಗಳದ ಮೆರವಣಿಗೆಯಲ್ಲಿ ತೆಗೆದ ವಿಡಿಯೊ ಅದು. ಸಮಾಳವೆಂಬ ಚರ್ಮವಾದ್ಯದ ಬಡಿತಕ್ಕೆ ವೀರಭದ್ರನ ಪುರವಂತರು ಕುಣಿಯುತ್ತಾರೆ, ಹಲಗೆ ಜೊತೆಗೂಡುತ್ತದೆ, ಬಡಿತ ಏರುತ್ತ ಹೋಗಿ ತಟ್ಟನೆ ನಿಲ್ಲುತ್ತದೆ. ಹಿರಿಯ ಪುರವಂತರೊಬ್ಬರು ಕತ್ತಿ ಮೇಲೆತ್ತಿ ವೀರಭದ್ರನ ಕಥೆಯ ಒಡಪು ಹೇಳಲು ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ವಿಡಿಯೊ ಜಿಗಿಯುತ್ತದೆ. ಬಾಯಿ ಮುಚ್ಚಿದೆ, ಕತ್ತಿ ಕೆಳಗಿಳಿದಿದೆ, ಸಮಾಳ ಮತ್ತೆ ಶುರುವಾಗಿದೆ. ನಡುವಿನ ಮಾತಷ್ಟನ್ನೂ ಯಾರೋ ಕತ್ತರಿಸಿ ತೆಗೆದಿದ್ದಾರೆ.

ಕತ್ತರಿಸಿದವನು ಪರಿಚಯದ ಹುಡುಗನೇ. ಸಮಾಳ, ಡೊಳ್ಳು, ಹಲಗೆ ಎಂದರೆ ಊಟ ಬಿಟ್ಟು ಓಡುವವನು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದ್ದಕ್ಕೆ ಅವನ ಉತ್ತರ ಸಿದ್ಧವಿತ್ತು: “ಮಾತು ಬಂತಂದ್ರ ಬಡಿತ ಸತ್ತಂಗ್ರಿ ಕಾಕಾ. ವಾದ್ಯನ ಎಲ್ಲಾ ಹೇಳ್ತದ. ಮತ್ತ ಬಾಯಿಲೆ ಯಾಕ ಹೇಳಬೇಕು?” ಅವನ ಗೆಳೆಯರು ತಲೆಯಾಡಿಸಿದರು. ಒಬ್ಬನೇ ಒಬ್ಬ, ಒಡಪಿಲ್ಲದಿದ್ದರೆ ಅದು ಬ್ಯಾಂಡ್ ಬಾಜಾ ಆಗುತ್ತದೆ ಎಂದು ವಾದಿಸಿ ಸೋತ.

ಈ ಲೇಖಕನಿಗೆ ಆ ಮಾತಿನಿಂದ ಆದ ಕಿರಿಕಿರಿ ಎರಡು ದಿನವಾದರೂ ಇಳಿಯಲಿಲ್ಲ. ಹುಡುಗನ ಮೇಲಿನ ಸಿಟ್ಟಲ್ಲ ಅದು. ‘ವಾದ್ಯವೇ ಎಲ್ಲ ಹೇಳುತ್ತದೆ’ ಎನ್ನುವ ಆ ನಿಶ್ಚಿಂತ ವಾಕ್ಯದ ಮೇಲಿನ ಸಿಟ್ಟು. ಅದು ಮಕ್ತಲ್‌ನದು ಮಾತ್ರವೂ ಅಲ್ಲ. ಅಮೆರಿಕದಲ್ಲಿ ನೂರಾರು ಯುವಕರು ಮೈದಾನದ ತುಂಬ ಡ್ರಮ್ಮು, ಕಹಳೆ ಹಿಡಿದು ನಡೆಸುವ ‘ಡ್ರಮ್ ಕೋರ್’ ಸ್ಪರ್ಧೆಗಳಿವೆ. ಅವನ್ನು ನಡೆಸುವ ಮುಖ್ಯ ಸಂಸ್ಥೆ ‘ಡ್ರಮ್ ಕೋರ್ ಇಂಟರ್‌ನ್ಯಾಷನಲ್’ನ ಮೊದಲ ಚಾಂಪಿಯನ್‌ಶಿಪ್ ನಡೆದದ್ದು 1972ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ. 2004ರಿಂದ ಮೈಕಿಗೆ ಅನುಮತಿ ಸಿಕ್ಕಿತು, ಮೈದಾನದಲ್ಲಿ ನಿರೂಪಣೆಯ ಮಾತು ಕೇಳತೊಡಗಿತು. ಅಂದಿನಿಂದ ಅಭಿಮಾನಿಗಳು ಎರಡು ಪಾಲಾಗಿದ್ದಾರೆ. ಮಾತು ಬಂದರೆ ಕಲೆ ಸತ್ತಿತು ಎನ್ನುವವರ ತಕರಾರು ಅಲ್ಲಿಯೂ ಮಕ್ತಲ್‌ನ ಹುಡುಗನದೇ.

ನಮ್ಮ ಶಾಸ್ತ್ರಗ್ರಂಥಗಳತ್ತ ತಿರುಗಿದರೆ ಹೆಚ್ಚು ಸಹಾಯ ಸಿಗುವುದಿಲ್ಲ. ಭರತನಿಂದ ಅಭಿನವಗುಪ್ತನವರೆಗೆ ಮಾತು, ವಾದ್ಯ, ಅಭಿನಯ ಎಲ್ಲವೂ ರಸದಲ್ಲಿ ಒಂದಾಗುತ್ತವೆ. ನಾದವೇ ಬ್ರಹ್ಮ ಎನ್ನುವವರಲ್ಲಿ ಅವು ಮೊದಲಿನಿಂದಲೂ ಒಂದೇ. ಜಗಳವೇ ಇಲ್ಲದ ಕಡೆ ಈ ಜಗಳಕ್ಕೆ ಉತ್ತರ ಹುಡುಕಿ ಫಲವಿಲ್ಲ.

ಹುಡುಗನ ವಾದವನ್ನು ಅವನಿಗಿಂತ ಚೆನ್ನಾಗಿ ಕಟ್ಟಿದವನು ಬೇರೊಬ್ಬನಿದ್ದಾನೆ. ಪ್ರಾಗ್‌ನಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಸಂಗೀತ ವಿಮರ್ಶಕನಾಗಿ ಬಾಳಿದ ಎಡುವರ್ಡ್ ಹಾನ್ಸ್‌ಲಿಕ್. 1854ರಲ್ಲಿ ಸಂಗೀತದ ಸೌಂದರ್ಯದ ಬಗ್ಗೆ ಅವನು ಬರೆದದ್ದು ಚಿಕ್ಕ ಪುಸ್ತಕ, ಆದರೆ ಅದರ ವಾದ ಇಂದಿಗೂ ನಿಂತಿದೆ. ಸಂಗೀತದಲ್ಲಿರುವುದು ಚಲಿಸುವ ನಾದರೂಪಗಳು ಮಾತ್ರ ಎನ್ನುತ್ತಾನೆ ಅವನು. ದುಃಖ, ಭಕ್ತಿ, ರೌದ್ರ ಇವೆಲ್ಲ ನಾವು ಹೊರಗಿನಿಂದ ತಂದು ಹಚ್ಚುವ ಬಣ್ಣ. ಗ್ಲುಕ್‌ನ ಆರ್ಫಿಯಸ್ ಒಪೆರಾದಲ್ಲಿ, ಹೆಂಡತಿಯನ್ನು ಕಳೆದುಕೊಂಡವನು ಹಾಡುವ ಪ್ರಸಿದ್ಧ ಶೋಕಗೀತೆಯೊಂದಿದೆ. ಅದೇ ಧಾಟಿಗೆ ಹೆಂಡತಿ ಸಿಕ್ಕಳೆಂಬ ಸಂತೋಷದ ಮಾತನ್ನು ಹೊಂದಿಸಿದರೂ ಅಷ್ಟೇ ಚೆನ್ನಾಗಿ ಕೂಡುತ್ತದೆ ಎಂದು ಅವನು ತೋರಿಸುತ್ತಾನೆ. ಹಾಗಿದ್ದ ಮೇಲೆ ಶೋಕ ಇದ್ದದ್ದು ಮಾತಿನಲ್ಲಿ, ರಾಗದಲ್ಲಲ್ಲ.

ಇದಕ್ಕೆ ಪ್ರತಿಯಾಗಿ ಈ ಲೇಖಕನ ಬಳಿ ಬಾಲ್ಯದ ಒಂದು ನೆನಪಿತ್ತು, ಅದೇ ಸಾಕೆಂದು ಅವನು ನಂಬಿದ್ದ. ನಾರಾಯಣಪೇಟ ಕಡೆಯ ಊರುಗಳಲ್ಲಿ ಮೊಹರಂ ಎಲ್ಲರ ಹಬ್ಬ. ತೆಲುಗಿನವರು ಅದನ್ನು ಪೀರ್ಲ ಪಂಡುಗ ಎನ್ನುತ್ತಾರೆ. ಅಲಾವಿ ಕುಣಿಯಲ್ಲಿ ಬೆಂಕಿ ಹೊತ್ತಿಸಿ, ಅದರ ಸುತ್ತ ಹಲಗೆಯ ಬಡಿತಕ್ಕೆ ಹಿಂದೂ ಮುಸ್ಲಿಂ ಎನ್ನದೆ ಗಂಡಸರು ಹೆಜ್ಜೆ ಹಾಕುತ್ತಾರೆ. ಎಂಟನೆಯ ವಯಸ್ಸಿಗೆ ಆ ಬಡಿತ ಬರೀ ಕುಣಿತ, ಖುಷಿ. ಮರುವರ್ಷ ಪಕ್ಕದಲ್ಲಿ ಕೂತಿದ್ದ ಅಜ್ಜ, ಅಲ್ಲಿ ಹಾಡುತ್ತಿದ್ದ ಮೊಹರಂ ಪದದ ಅರ್ಥ ಬಿಡಿಸಿ ಹೇಳಿದರು. ನೀರು ಸಿಗದೆ ಬಾಯಾರಿದ ಮಕ್ಕಳು, ಕರ್ಬಲಾದ ಬಯಲು, 680ನೆಯ ಇಸವಿಯಲ್ಲಿ ಕೊಲೆಯಾದ ಹುಸೇನ್. ಅದೇ ಹಲಗೆ, ಅದೇ ಹೆಜ್ಜೆ. ಆದರೆ ಆ ರಾತ್ರಿ ಕುಣಿಯಲು ಕಾಲೇ ಏಳಲಿಲ್ಲ. ಮಾತು ಬಡಿತವನ್ನು ಬದಲಿಸಿತ್ತು.

ಬದಲಿಸಿತ್ತೇ? ಹಾನ್ಸ್‌ಲಿಕ್ ಈ ಕಥೆ ಕೇಳಿದ್ದರೆ ಸಂತೋಷಪಡುತ್ತಿದ್ದ. ಬಡಿತ ಬದಲಾಗಲಿಲ್ಲ, ಬದಲಾದವನು ಕೇಳುತ್ತಿದ್ದ ಬಾಲಕ. ಹಲಗೆಯಲ್ಲಿ ದುಃಖವಿದ್ದಿದ್ದರೆ ಎಂಟನೆಯ ವಯಸ್ಸಿಗೂ ಕೇಳಬೇಕಿತ್ತು. ಅದೇ ಹಲಗೆ ಮದುವೆಗೂ ಬರುತ್ತದೆ, ಹೆಣದ ಮುಂದೆಯೂ ನಡೆಯುತ್ತದೆ, ಡಂಗುರಕ್ಕೂ ಬೇಕು. ಗೆಲ್ಲಿಸಬೇಕಿದ್ದ ಉದಾಹರಣೆಯೇ ಎದುರಾಳಿಯ ಕೈಗೆ ಹೋಯಿತು. ಇಷ್ಟನ್ನು ಒಪ್ಪಲೇಬೇಕು: ವಾದ್ಯದೊಳಗೆ ಕಥೆ ಇರುವುದಿಲ್ಲ.

ಆದರೆ ಹೀಗೆ ಒಪ್ಪಿದ ಕೂಡಲೇ ಮಕ್ತಲ್‌ನ ಹುಡುಗನೂ ಸೋಲುತ್ತಾನೆ. ಹಾನ್ಸ್‌ಲಿಕ್ ಸರಿಯಾದರೆ ‘ವಾದ್ಯವೇ ಎಲ್ಲ ಹೇಳುತ್ತದೆ’ ಎಂಬುದು ಸುಳ್ಳು, ಅದು ಏನನ್ನೂ ಹೇಳುವುದಿಲ್ಲ. ಹಾನ್ಸ್‌ಲಿಕ್‌ನ ಮಾತು, ವಾದ್ಯಕ್ಕೆ ಹೇಳುವ ಹಂಗೇ ಇಲ್ಲ ಎಂಬುದು. ಹುಡುಗನ ಮಾತು, ವಾದ್ಯ ಹೇಳಿ ಮುಗಿಸಿದೆ ಎಂಬುದು. ಇವೆರಡು ಬೇರೆ ಬೇರೆ. ವೀರಭದ್ರನ ರೌದ್ರ ಸಮಾಳದಲ್ಲೇ ಕೇಳುತ್ತದೆ ಎಂದು ಹುಡುಗ ಹೇಳುವಾಗ, ಅವನು ಕೇಳುತ್ತಿರುವುದು ಅವನ ಅಜ್ಜ, ಮುತ್ತಜ್ಜ ನೂರು ಗುಗ್ಗಳಗಳಲ್ಲಿ ಕೇಳಿಸಿಕೊಂಡ ಒಡಪನ್ನು. ಮಾತು ಅವನ ಕಿವಿಯಲ್ಲಿ ಮೊದಲೇ ಇದೆ. ಹಾಗಾಗಿಯೇ ಅದನ್ನು ಕತ್ತರಿಸಲು ಅವನಿಗೆ ಧೈರ್ಯ ಬಂತು.

ವಾದ್ಯ ನಿಜವಾಗಿ ಮಾತಾಡುವ ಕಡೆಗಳೂ ಇವೆ. ಕಾಂಗೊದಲ್ಲಿ ಬಹುಕಾಲ ಇದ್ದ ಜಾನ್ ಕ್ಯಾರಿಂಗ್ಟನ್ ಎಂಬ ಇಂಗ್ಲಿಷ್ ಪಾದ್ರಿ 1949ರಲ್ಲಿ ಆಫ್ರಿಕಾದ ಮಾತಾಡುವ ನಗಾರಿಗಳ ಬಗ್ಗೆ ಪುಸ್ತಕ ಬರೆದ. ಅಲ್ಲಿನ ಭಾಷೆಗಳಲ್ಲಿ ಸ್ವರದ ಏರಿಳಿತಕ್ಕೇ ಅರ್ಥವಿದೆ. ಆ ಏರಿಳಿತವನ್ನು ನಗಾರಿಯ ಎರಡು ದನಿಗಳಲ್ಲಿ ಬಾರಿಸಿದರೆ ದೂರದ ಊರಿಗೆ ಸುದ್ದಿ ಮುಟ್ಟುತ್ತದೆ. ಎರಡೇ ದನಿಯಲ್ಲಿ ಹಲವು ಪದ ಒಂದೇ ಥರ ಕೇಳುವುದರಿಂದ, ಗೊಂದಲವಾಗದಂತೆ ಒಂದು ಪದದ ಜಾಗಕ್ಕೆ ಉದ್ದನೆಯ ನುಡಿಗಟ್ಟನ್ನೇ ಬಾರಿಸುತ್ತಾರೆ. ಕನ್ನಡವಾಗಲಿ ತೆಲುಗಾಗಲಿ ಅಂಥ ಭಾಷೆಯಲ್ಲ. ನಮ್ಮ ಸಮಾಳಕ್ಕೆ ಆ ದಾರಿ ಇಲ್ಲ. ಅದರ ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತು ಹೇಳಲೇಬೇಕು.

ಪಕ್ಕದಲ್ಲಿ ಎಂಬುದೇ ಇಲ್ಲಿ ಮುಖ್ಯ. ಒಡಪನ್ನು ಕೇಳಿದವರಿಗೆ ಅದರ ನಡೆ ಗೊತ್ತು. ವಾದ್ಯ ನಿಲ್ಲುತ್ತದೆ. ರುದ್ರನನ್ನು ಕೂಗಿ ಕರೆದು ಪುರವಂತರು ದಕ್ಷನ ಯಜ್ಞದ ಕಥೆ ಎತ್ತುತ್ತಾರೆ. ರಾಘವಾಂಕ ‘ವೀರೇಶ ಚರಿತೆ’ಯಲ್ಲಿ ಉದ್ದಂಡ ಷಟ್ಪದಿಗೆ ಕಟ್ಟಿದ ಕಥೆಯೇ ಇಲ್ಲಿ ಉಸಿರು ಕಟ್ಟಿ ಹೇಳುವ ಗದ್ಯವಾಗಿರುತ್ತದೆ. ಹೇಳುವವರು ನಿಂತಲ್ಲಿ ನಿಲ್ಲುವುದಿಲ್ಲ, ಮುಂದೆ ಹೋಗಿ ಹಿಂದೆ ಬರುತ್ತಾರೆ. ಮಾತು ಮಾತಿನ ಕೊನೆಗೆ ಸಮಾಳದವರು ಒಂದೇ ಪೆಟ್ಟು ಕೊಟ್ಟು ಮತ್ತೆ ಕಾಯುತ್ತಾರೆ. ಕೊನೆಯ ಕೂಗಿಗೆ ಎಲ್ಲ ವಾದ್ಯಗಳೂ ಒಟ್ಟಿಗೆ ಬೀಳುತ್ತವೆ. ಆ ಪೆಟ್ಟಿನ ಬಲ ಬಂದದ್ದು ಎಲ್ಲಿಂದ? ಅಷ್ಟು ಹೊತ್ತು ತಡೆದು ಹಿಡಿದದ್ದರಿಂದ. ವಿಡಿಯೊದಲ್ಲಿ ಒಡಪು ಕತ್ತರಿಸಿದ ಮೇಲೆ ಕೇಳುವುದು ಅದೇ ಪೆಟ್ಟು, ಅದೇ ಕೈ, ಅದೇ ಚರ್ಮ. ಆದರೆ ಅದು ಯಾವುದಕ್ಕೂ ಕಾಯದೆ ಬಿದ್ದ ಪೆಟ್ಟು. ಹಾನ್ಸ್‌ಲಿಕ್‌ನ ಲೆಕ್ಕದಲ್ಲೇ ನೋಡಿದರೂ ಒಡಪು ಆ ನಾದರೂಪದ ಒಂದು ಭಾಗ, ಮೇಲೆ ಹಚ್ಚಿದ ಬಣ್ಣವಲ್ಲ.

ಆದರೆ ಈ ಕಡೆಯಲ್ಲೇ ಇದಕ್ಕೆ ಎದುರು ನಿಲ್ಲುವ ಸಾಕ್ಷಿಯೂ ಇದೆ. ತೆಲಂಗಾಣದ ಕುರುಮರ ಒಗ್ಗು ಕಥೆಯಲ್ಲಿ ಬೀರಪ್ಪ, ಮಲ್ಲಣ್ಣ, ಎಲ್ಲಮ್ಮರ ಕಥೆಗೆ ಡೋಲು ಜೊತೆ. 2017ರಲ್ಲಿ ತೀರಿಕೊಂಡ ಚುಕ್ಕ ಸತ್ತಯ್ಯ ಅದರ ದೊಡ್ಡ ಕಥೆಗಾರರು. ಅದೇ ಡೋಲು ಕಥೆಯಿಂದ ಬೇರೆಯಾಗಿ ‘ಒಗ್ಗು ಡೋಲು’ ಎಂಬ ಗುಂಪು ಕುಣಿತವಾಗಿ, ಸರ್ಕಾರಿ ಮೆರವಣಿಗೆಗಳಲ್ಲಿ ಸಾಲು ಕಟ್ಟಿ ನಡೆಯುತ್ತದೆ. ನೋಡಲು ಬಲು ಚೆಂದ. ಈ ಲೇಖಕನೂ ಮೈಮರೆತು ನೋಡಿದ್ದಾನೆ. ಕಥೆ ಹೋದ ಮೇಲೆ ಡೋಲು ಸತ್ತಿತು ಎಂದು ಬರೆಯಬೇಕೆಂದು ಕೂತರೆ ಕೈ ಮುಂದೆ ಹೋಗುವುದಿಲ್ಲ. ಅದು ಸತ್ತಿಲ್ಲ.

ಹಾಗೆಯೇ ಎಲ್ಲ ಮಾತನ್ನೂ ಸಮರ್ಥಿಸಲಾಗದು. ಒಂದು ಶಾಲೆಯ ಸಮಾರಂಭದಲ್ಲಿ ಮಕ್ಕಳ ಡೊಳ್ಳು ಕುಣಿತದ ಮೇಲೆ, ಮೊದಲೇ ಧ್ವನಿಮುದ್ರಿಸಿದ ನಿರೂಪಣೆಯನ್ನು ಸ್ಪೀಕರ್‌ನಲ್ಲಿ ಹಾಕಿದ್ದರು. ಇದು ಶೌರ್ಯದ ಸಂಕೇತ, ಇದು ಭಕ್ತಿಯ ಸಂಕೇತ ಎಂದು ಧ್ವನಿ ವಿವರಿಸುತ್ತ ಹೋಯಿತು. ಮಕ್ಕಳು ತಪ್ಪಿದರೂ ಅದು ನಿಲ್ಲಲಿಲ್ಲ, ಮಕ್ಕಳು ಹುಮ್ಮಸ್ಸಿನಲ್ಲಿ ಓಟ ಹೆಚ್ಚಿಸಿದರೂ ಅದು ಜೊತೆಗೆ ಬರಲಿಲ್ಲ. ಆ ಸಂಜೆ ಹುಡುಗನ ಮಾತು ಅಕ್ಷರಶಃ ನಿಜವಾಗಿತ್ತು. ಹಾಗಾದರೆ ವಾದ್ಯಕ್ಕೆ ಕಿವಿಗೊಡುವ ಮಾತು ಒಳಗಿನದು, ಕಿವಿಗೊಡದ ಮಾತು ಹೊರಗಿನದು ಎಂದು ಗೆರೆ ಎಳೆಯಬಹುದೇ? ಬಹುಮಟ್ಟಿಗೆ ಎಳೆಯಬಹುದು. ಆದರೆ 2013ರಲ್ಲಿ ಚಾಂಪಿಯನ್ ಆದ ಕೆರೊಲಿನಾ ಕ್ರೌನ್ ಎಂಬ ಡ್ರಮ್ ಕೋರ್ ತಂಡದ ಪ್ರದರ್ಶನದ ಒಂದು ಭಾಗದಲ್ಲಿ ವಾದಕರೇ ಬರೀ ಸಂಖ್ಯೆಗಳನ್ನು ಹೇಳುತ್ತಾರೆ. ಅಲ್ಲಿ ಕಥೆ ಇಲ್ಲ, ವಿವರಣೆ ಇಲ್ಲ, ಬಾಯಿಯೇ ಇನ್ನೊಂದು ಡ್ರಮ್. ಅದು ವಾದ್ಯಕ್ಕೆ ಪೂರ್ತಿ ಕಿವಿಗೊಟ್ಟ ಮಾತು, ಆದರೆ ಅರ್ಥವನ್ನು ಬಿಟ್ಟುಕೊಟ್ಟ ಮಾತು. ಒಡಪು ಅಷ್ಟೇ ಆಗಿದ್ದರೆ ಸಾಕೇ?

ನಮ್ಮ ಕನ್ನಡ ತೆಲುಗು ಗಡಿಯಲ್ಲಿ ಇದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ. ಗದ್ವಾಲ್, ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳ ಮರುವಿಂಗಡಣೆಯಾದಾಗ ಮಹಬೂಬ್‌ನಗರಕ್ಕೆ ಸೇರಿದವು. ಈಗ ಗದ್ವಾಲ್ 2016ರಲ್ಲಿ ಆದ ಜಿಲ್ಲೆ, ನಾರಾಯಣಪೇಟ 2019ರಲ್ಲಿ ಆದ ಜಿಲ್ಲೆ. ಕೃಷ್ಣೆಯ ಈಚೆ ಮಕ್ತಲ್‌ನಲ್ಲಿ ಮನೆಮಾತು ಕನ್ನಡವಾದ ಹುಡುಗರು ಹೆಚ್ಚಾಗಿ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಓದುತ್ತಾರೆ. ನದಿ ದಾಟಿ ಗದ್ವಾಲ್ ಇರುವ ನಡಿಗಡ್ಡಕ್ಕೆ ಹೋದರೆ ಬೀಗರು ತೆಲುಗಿನವರು. ಈ ಲೇಖಕನ ಮನೆಯ ಒಂದು ಮದುವೆ ಗದ್ವಾಲ್‌ನಲ್ಲಿ ನಡೆದಾಗ ಪುರವಂತರನ್ನು ಇಲ್ಲಿಂದ ಕರೆದೊಯ್ದಿದ್ದರು. ಸಮಾಳ ಬಡಿಯುವಷ್ಟು ಹೊತ್ತು ಎರಡೂ ಕಡೆಯವರು ಒಂದೇ ಗುಂಪು. ಒಡಪು ಶುರುವಾದಾಗ ಗುಂಪು ನಡುವೆ ಸೀಳಿತು. ಒಂದು ಪಾಲು ಕೈಮುಗಿದು ಕೇಳಿತು, ಇನ್ನೊಂದು ಪಾಲು ಮರ್ಯಾದೆಗೆ ನಿಂತಿತು. ಬೀಗರ ಕಡೆಯ ಹಿರಿಯರೊಬ್ಬರು ತೆಲುಗಿನಲ್ಲಿ ಮೆಲ್ಲಗೆ ಕೇಳಿದರು, “ಬಾವಗಾರು, ಏಮಂಟುನ್ನಾರು?” ಏನು ಹೇಳುತ್ತಿದ್ದಾರೆ ಎಂದು. ಉತ್ತರ ಹೇಳುವಷ್ಟರಲ್ಲಿ ಮುಂದಿನ ಮಾತು ಹೋಗಿಬಿಟ್ಟಿತ್ತು.

ಒಡಪಿನ ಪರ ಇರುವವರು ಎದುರಿಸಬೇಕಾದ ನಿಜವಾದ ಆಕ್ಷೇಪ ಇದೇ ಎಂದು ಈ ಲೇಖಕನಿಗೆ ಈಗ ತೋರುತ್ತದೆ. ಮಾತು ಬಡಿತವನ್ನು ಕೊಲ್ಲುವುದಿಲ್ಲ, ಆದರೆ ಕೇಳುವವರನ್ನು ಪಾಲು ಮಾಡುತ್ತದೆ. ಬೀಗರಿಗಾಗಿ ಒಡಪನ್ನು ತೆಲುಗಿಗೆ ತಿರುಗಿಸಿದರೆ ಮಕ್ತಲ್‌ನ ಕನ್ನಡಕ್ಕೆ ಉಳಿದಿರುವ ಒಂದು ಜಾಗವೂ ಹೋಗುತ್ತದೆ. ತಿರುಗಿಸದಿದ್ದರೆ ಮುಂದಿನ ತಲೆಮಾರು ಅದನ್ನು ಕತ್ತರಿಸುತ್ತದೆ. ಇದರಲ್ಲಿ ಯಾವುದು ಸರಿ ಎಂದು ಹೇಳುವ ಧೈರ್ಯ ಈ ಲೇಖಕನಿಗಿಲ್ಲ.

ಕೊನೆಗೆ ಹುಡುಗನನ್ನು ಕತ್ತರಿಸದ ವಿಡಿಯೊ ಇದೆಯೇ ಎಂದು ಕೇಳಿದ್ದಾಯಿತು. ಇತ್ತು. “ಅಜ್ಜಗ ತೋರಸ್ಲಿಕ್ಕಂತ ಇಟ್ಟೀನ್ರಿ” ಎಂದು ಕಳಿಸಿಕೊಟ್ಟ. ಇಡೀ ಒಡಪು ಅದರಲ್ಲಿದೆ. ಆ ದಿನ ಈ ಲೇಖಕನೂ ಪುರವಂತರಿಂದ ಹತ್ತಡಿ ದೂರದಲ್ಲೇ ನಿಂತಿದ್ದ, ಮಾತು ಮಾತಿಗೂ ರೋಮಾಂಚನಗೊಂಡಿದ್ದ. ಈಗ ವಿಡಿಯೊದಲ್ಲಿ ಕೇಳಿದರೆ, ಜನರ ಗದ್ದಲದಲ್ಲಿ ಒಡಪಿನ ನಡುವಿನ ಮೂರು ಮಾತು ಒಂದಕ್ಷರವೂ ತಿಳಿಯುವುದಿಲ್ಲ. ಆ ದಿನವೂ ತಿಳಿದಿರಲಾರದು. ಆದರೂ ಅವು ಕೇಳಿಸಲಿಲ್ಲ ಎಂಬುದು ಆಗ ಗಮನಕ್ಕೇ ಬಂದಿರಲಿಲ್ಲ. ಆ ಮೂರೂ ಮಾತಿನ ಕೊನೆಯಲ್ಲಿ ಸಮಾಳದ ಒಂದೊಂದು ಪೆಟ್ಟು ಸ್ಪಷ್ಟವಾಗಿದೆ. ಅಲ್ಲಿ ಏನು ಹೇಳಿದಿರಿ ಎಂದು ಪುರವಂತರನ್ನು ಕೇಳಬೇಕು.