ಜೀರ್ಣೋದ್ಧಾರವೂ ಪರಿಮಾಣವೂ

ಜೀರ್ಣವಾದುದನ್ನು ಉದ್ಧರಿಸುವುದು ಪುಣ್ಯಕಾರ್ಯವೆಂಬ ಭಾವನೆ ಶ್ರಾವಕರ ಮನೆಗಳಲ್ಲಿ ತಲೆಮಾರುಗಳಿಂದ ಬೇರೂರಿದೆ. ಬಿದ್ದ ಬಸದಿಯನ್ನು ಎತ್ತಿ ನಿಲ್ಲಿಸಿದವನು ಹೊಸದನ್ನು ಕಟ್ಟಿಸಿದವನಿಗಿಂತ ಕಡಿಮೆಯವನಲ್ಲವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಭಾವನೆ ಬಸದಿಯ ಪ್ರಾಕಾರವನ್ನು ದಾಟಿ ಮನೆಯ ಸಾಮಾನುಗಳಿಗೂ ಹಬ್ಬಿದಾಗ ಒಂದು ಪ್ರಶ್ನೆ ಹುಟ್ಟುತ್ತದೆ. ಭೋಗದ ವಸ್ತುವೊಂದು ಹಳೆಯದು, ಕೆಟ್ಟುಹೋದದ್ದು, ಯಾರಿಗೂ ಬೇಡವಾದದ್ದು ಎಂಬ ಕಾರಣಕ್ಕೆ ಅದನ್ನು ಕೊಂಡು ಸರಿಪಡಿಸುವುದು ಜೀರ್ಣೋದ್ಧಾರವಾದೀತೆ? ಪರಿಗ್ರಹಕ್ಕೆ ಮಿತಿ ಹಾಕಿಕೊಂಡ ಗೃಹಸ್ಥನ ಲೆಕ್ಕದಲ್ಲಿ ಅಂಥ ವಸ್ತು ಸೇರುವುದೋ ಸೇರದೋ?

ಪ್ರಶ್ನೆಯನ್ನು ಒಂದು ನಿದರ್ಶನದ ಮೂಲಕ ನೋಡುವುದು ಲೇಸು. ಗುಂಡ್ಲುಪೇಟೆಯ ಗೃಹಸ್ಥನೊಬ್ಬನು ಗುಜರಿ ಅಂಗಡಿಯಲ್ಲಿ ಧೂಳು ಹಿಡಿದ ರೆಕಾರ್ಡ್ ಪ್ಲೇಯರ್ ಒಂದನ್ನು ಕಂಡು ಅಲ್ಪ ಬೆಲೆಗೆ ಕೊಂಡನೆಂದೂ, ಅದರೊಡನೆ ಹತ್ತಾರು ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಮನೆಗೆ ತಂದನೆಂದೂ ಭಾವಿಸಬಹುದು. ಇದು ಅಸಂಭವವಾದ ಸಂಗತಿಯಲ್ಲ. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಎರಡೂ ಊರುಗಳು ಮೈಸೂರು ಜಿಲ್ಲೆಗೆ ಸೇರಿದ್ದವು. ಮೈಸೂರಾದರೋ ಗ್ರಾಮಫೋನಿಗೆ ಅಪರಿಚಿತವಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ನಡೆಸಿದ ಧ್ವನಿಮುದ್ರಣದಲ್ಲಿ ಹಾಡಿ ದೇಶಕ್ಕೆಲ್ಲ ಹೆಸರಾದ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರಿನ ಅರಮನೆಯ ಆಶ್ರಯದಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. 1940ರ ದಶಕದ ಕೊನೆಯಲ್ಲಿ ರಷ್ಯದ ಸಂಗೀತಕಾರ ಮೆಟ್ನರ್ ಅವರ ಕೃತಿಗಳು ಲಂಡನ್ನಿನಲ್ಲಿ ತಟ್ಟೆಗಳಾಗಿ ಹೊರಬಂದುದು ಜಯಚಾಮರಾಜೇಂದ್ರ ಒಡೆಯರ ಧನಸಹಾಯದಿಂದ. ಅರಮನೆಯ ಅಭಿರುಚಿ ಕಾಲಕ್ರಮದಲ್ಲಿ ಮಧ್ಯಮವರ್ಗದ ಪಡಸಾಲೆಗೂ ಇಳಿಯಿತು. ಮುಂದೆ ಕ್ಯಾಸೆಟ್ಟು ಬಂದಾಗ ಪ್ಲೇಯರುಗಳು ಅಟ್ಟ ಸೇರಿದವು, ಅಟ್ಟದಿಂದ ಗುಜರಿ ಸೇರಿದವು.

ಇಂಥ ಯಂತ್ರವನ್ನು ಸರಿಪಡಿಸುವ ಕೆಲಸ ತಾಳ್ಮೆಯನ್ನು ಬೇಡುತ್ತದೆ. ಮೊದಲ ಹೆಜ್ಜೆಯಲ್ಲಿಯೇ ಅಹಿಂಸೆಯ ಪರೀಕ್ಷೆ ಇದೆ. ವರ್ಷಗಟ್ಟಲೆ ಮುಚ್ಚಿಟ್ಟ ಮರದ ಪೆಟ್ಟಿಗೆಯಲ್ಲಿ ಜೇಡ, ಜಿರಳೆ, ಗೆದ್ದಲು ಮನೆ ಮಾಡಿರುತ್ತವೆ. ಔಷಧ ಸಿಂಪಡಿಸಿ ಒಂದು ಗಳಿಗೆಯಲ್ಲಿ ಶುದ್ಧಿ ಮಾಡುವುದು ಸುಲಭ. ಪೆಟ್ಟಿಗೆಯನ್ನು ನೆರಳಿನಲ್ಲಿ ತೆರೆದಿಟ್ಟು, ಮೃದುವಾದ ಕುಂಚದಿಂದ ಜೀವಿಗಳನ್ನು ಪಕ್ಕಕ್ಕೆ ಸರಿಸುವುದು ನಿಧಾನದ ಮಾರ್ಗ. ಅನಂತರ ಒಣಗಿ ಗಟ್ಟಿಯಾದ ಗ್ರೀಸನ್ನು ಒರೆಸಿ ತೆಗೆಯಬೇಕು. ಮೋಟಾರಿನ ಅಚ್ಚಿಗೂ ತಿರುಗುತಟ್ಟೆಯ ಒಳ ಅಂಚಿಗೂ ನಡುವೆ ಒಂದು ಚಿಕ್ಕ ರಬ್ಬರ್ ಚಕ್ರ ಒತ್ತಿಕೊಂಡು ತಿರುಗುತ್ತದೆ; ಬಹುಕಾಲ ಒಂದೇ ಕಡೆ ಒತ್ತಿ ನಿಂತರೆ ಅದರಲ್ಲಿ ತಗ್ಗು ಬಿದ್ದು, ಚಕ್ರ ಸುತ್ತಿದಂತೆಲ್ಲ ಕುಟ್ಟುವ ಸದ್ದು ಕೇಳಿಸುತ್ತದೆ. ಸೂಜಿಯ ಕಂಪನವನ್ನು ವಿದ್ಯುತ್ತಾಗಿಸುವ ಹರಳು ರೋಶೆಲ್ ಲವಣದ್ದಾದರೆ ಮಳೆಗಾಲದ ತೇವಕ್ಕೆ ಕೆಟ್ಟಿರುತ್ತದೆ. ಸೂಜಿಯಲ್ಲಿಯೂ ಭೇದವುಂಟು. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಗೀರು ಅಗಲವಾದದ್ದು. ಅದಕ್ಕೆ ಸುಮಾರು 75 ಮೈಕ್ರಾನಿನ ತುದಿ ಬೇಕು. 1948ರಲ್ಲಿ ಬಂದ ಮೂವತ್ತಮೂರು ಮತ್ತು ಮೂರನೆಯ ಒಂದು ಭಾಗ ಸುತ್ತಿನ ದೀರ್ಘವಾದನದ ತಟ್ಟೆಗೆ 25 ಮೈಕ್ರಾನಿನ ತುದಿ ಸಾಕು. ತುದಿ ಅದಲುಬದಲಾದರೆ ಗೀರು ಕೆಡುತ್ತದೆ, ನಾದ ಕೆಡುತ್ತದೆ.

ತಟ್ಟೆಗಳನ್ನು ತೊಳೆಯುವಾಗಲೂ ವಸ್ತುಜ್ಞಾನ ಬೇಕು. ದೀರ್ಘವಾದನದ ತಟ್ಟೆ ಪ್ಲಾಸ್ಟಿಕ್ಕಿನದು. 78 ಸುತ್ತಿನ ಹಳೆಯ ತಟ್ಟೆಗೆ ಸ್ಪಿರಿಟ್ ಸೋಕಿದರೆ ಅದರ ಮೈ ಕರಗುತ್ತದೆ. ಏಕೆಂದರೆ ಕಲ್ಲಿನ ಪುಡಿ ಮೊದಲಾದುವನ್ನು ಅದರಲ್ಲಿ ಬೆಸೆದು ಹಿಡಿದಿರುವುದು ಅರಗು. ಅರಗು ಎಂದರೆ ಮುತ್ತುಗ, ಬೋರೆ ಮೊದಲಾದ ಮರಗಳ ಕೊಂಬೆಗಳಲ್ಲಿ ಗುಂಪಾಗಿ ನೆಲಸುವ ಒಂದು ಕ್ಷುದ್ರ ಕೀಟ ತನ್ನ ಮೈಯಿಂದ ಸ್ರವಿಸಿ ತನ್ನ ಸುತ್ತ ಕಟ್ಟಿಕೊಳ್ಳುವ ಮನೆ. ಜಗತ್ತಿನ ಗ್ರಾಮಫೋನ್ ಕಾರ್ಖಾನೆಗಳಿಗೆ ಬಹುಪಾಲು ಅರಗು ಹೋಗುತ್ತಿದ್ದುದು ಭಾರತದಿಂದ, ವಿಶೇಷವಾಗಿ ಛೋಟಾನಾಗಪುರದ ಕಾಡುಗಳಿಂದ. ಯುದ್ಧಕಾಲದಲ್ಲಿ, 1942ರಲ್ಲಿ, ಅಮೆರಿಕ ಸರ್ಕಾರ ಅರಗಿನ ಬಳಕೆಗೆ ಮಿತಿ ಹಾಕಿದಾಗ ಅಲ್ಲಿ ಹೊಸ ತಟ್ಟೆಗಳಿಗಾಗಿ ಹಳೆಯ ತಟ್ಟೆಗಳನ್ನು ಸಂಗ್ರಹಿಸಿ ಪುಡಿಮಾಡಬೇಕಾಯಿತು. ಮರಿಗಳು ಹೊರಬರುವ ಮುನ್ನವೇ ಕೊಂಬೆ ಕತ್ತರಿಸಿ ಕೆರೆದ ಅರಗಿನಲ್ಲಿ ಜೀವಹಾನಿ ಅಪಾರ. ಮರಿಗಳು ಹೊರಟುಹೋದ ಮೇಲೆ ತೆಗೆದುದರಲ್ಲಿ ಕಡಿಮೆ. ಆದರೆ ತಟ್ಟೆಯನ್ನು ನೋಡಿ ಅದು ಯಾವ ಅರಗೆಂದು ಹೇಳುವುದು ಸಾಧ್ಯವಿಲ್ಲ.

ಲಾಕ್ಷಾವಾಣಿಜ್ಯ, ಎಂದರೆ ಅರಗಿನ ವ್ಯಾಪಾರ, ಶ್ರಾವಕನಿಗೆ ನಿಷಿದ್ಧವೆಂದು ಎಣಿಸಲ್ಪಟ್ಟ ಹದಿನೈದು ಕ್ರೂರಕರ್ಮಗಳಲ್ಲಿ ಒಂದೆಂಬುದು ಬಲ್ಲವರಿಗೆ ತಿಳಿದ ವಿಷಯ. ಹಾಗಾದರೆ ಗುಂಡ್ಲುಪೇಟೆಯ ಗೃಹಸ್ಥನು ಆ ತಟ್ಟೆಗಳನ್ನು ಮನೆಗೆ ತಂದುದು ದೋಷವೇ? ಇಲ್ಲಿ ದುಡುಕಿ ತೀರ್ಪು ಕೊಡಲಾಗದು. ಮಾಡಿದುದು, ಮಾಡಿಸಿದುದು, ಅನುಮೋದಿಸಿದುದು ಎಂದು ಹಿಂಸೆಗೆ ಮೂರು ಬಾಗಿಲುಗಳುಂಟು. ಎಂಬತ್ತು ವರ್ಷಗಳ ಹಿಂದೆ ಸತ್ತ ಕೀಟವನ್ನು ಅವನು ಕೊಲ್ಲಲಿಲ್ಲ, ಕೊಲ್ಲಿಸಲೂ ಇಲ್ಲ. ಗುಜರಿಯಲ್ಲಿ ಕೊಟ್ಟ ಹಣ ಅರಗಿನ ವ್ಯಾಪಾರಿಯ ಕೈಸೇರುವುದಿಲ್ಲ. ಉಳಿಯುವುದು ಅನುಮೋದನೆಯೊಂದೇ, ಅದು ವಸ್ತುವಿನಲ್ಲಿಲ್ಲ, ಮನಸ್ಸಿನಲ್ಲಿದೆ. ರೇಷ್ಮೆಯ ವಿಷಯದಲ್ಲಿಯೂ ಇದೇ ಮಾತು. ಹಿಪ್ಪುನೇರಳೆ ಬೆಳೆಯುವ ಚಾಮರಾಜನಗರ, ಕೊಳ್ಳೇಗಾಲಗಳ ಸೀಮೆಯಲ್ಲಿ ಈ ಮಾತು ಹೊಸದಾಗಿ ತೋರದು. ಅಜ್ಜಿಯ ಹಳೆಯ ರೇಷ್ಮೆ ಸೀರೆಯನ್ನು ಜೋಪಾನ ಮಾಡುವವಳು ಹೊಸ ಗೂಡುಗಳನ್ನು ಕುದಿಸಲು ಹೇಳಿದಂತಾಗುವುದಿಲ್ಲ; ಅದರ ಹೊಳಪಿಗೆ ಮಾರುಹೋಗಿ ಅಂಥ ಇನ್ನೊಂದನ್ನು ಬಯಸಿದ ಕ್ಷಣ ಮಾತ್ರ ಹೇಳಿದಂತಾಗುತ್ತದೆ.

ಇಷ್ಟರಿಂದ ದುರಸ್ತಿಗಾರನು ನಿರಾಳನಾಗಬಹುದೆ? ಅವನ ಪರವಾದ ವಾದ ಬಲವಾದದ್ದೇ. ಕೆಟ್ಟುದನ್ನು ಸರಿಪಡಿಸುವವನು ಹೊಸದನ್ನು ಕೊಳ್ಳುವುದಿಲ್ಲ; ಹೊಸ ಲೋಹ, ಹೊಸ ಪ್ಲಾಸ್ಟಿಕ್ಕು ಬೇಡವಾಗುತ್ತವೆ; ಕೈಗೆ ಕೆಲಸ, ಮನಸ್ಸಿಗೆ ಏಕಾಗ್ರತೆ ದೊರೆಯುತ್ತವೆ. ಆದರೆ ನಾದ ಸರಿಯಾದೊಡನೆ ಇನ್ನಷ್ಟು ಸರಿಯಾಗಲೆಂಬ ಆಸೆ ಹುಟ್ಟುವುದು ಸಹಜ. ಕಂಪನ ತಡೆಯಲು ಭಾರವಾದ ಪೀಠ ಬೇಕೆನ್ನಿಸುತ್ತದೆ. ಹೊರದೇಶಗಳಿಗೂ ಹೋಗುವ ಚಾಮರಾಜನಗರದ ಕರಿಶಿಲೆ ಹತ್ತಿರದಲ್ಲೇ ಇದೆ. ಆದರೆ ನೆಲವನ್ನು ಸೀಳಿ ಕಲ್ಲನ್ನು ಒಡೆಯುವ ಸ್ಫೋಟಕರ್ಮವೂ ಆ ಹದಿನೈದರಲ್ಲಿಯೇ ಸೇರಿದೆ. ಪೆಟ್ಟಿಗೆಗೆ ಬೀಟೆಯ ಹಲಗೆ ಒಪ್ಪುತ್ತದೆಯೆನ್ನಿಸುತ್ತದೆ. ಬಿಡಿಭಾಗಗಳಿಗೆಂದು ಎರಡನೆಯ ಯಂತ್ರ ಬರುತ್ತದೆ. ಅದೂ ಸರಿಹೋಗಬಹುದೆಂದು ತೋರಿ ಮೂರನೆಯದು ಬರುತ್ತದೆ. ಪ್ರತಿಯೊಂದಕ್ಕೂ ಹಳೆಯದು, ಅಗ್ಗದ್ದು, ಹಾಳಾಗುತ್ತಿದ್ದದ್ದು ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಹೊಸದನ್ನು ಕೊಳ್ಳುವವನಿಗೆ ಬೆಲೆಯೇ ಒಂದು ತಡೆ. ಹಳೆಯದನ್ನು ಉದ್ಧರಿಸುವವನಿಗೆ ಆ ತಡೆಯೂ ಇಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ಅಪಾಯ ಮತ್ತೊಂದಿದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನ ಲೆಕ್ಕದಿಂದಲ್ಲದೆ ಮೂರ್ಛೆಯಿಂದ, ನನ್ನದೆಂಬ ಮಮಕಾರದಿಂದ, ನಿರ್ವಚಿಸಿದರು. ಹಣ ಕೊಟ್ಟು ತಂದ ವಸ್ತುವನ್ನು ಹಣಕ್ಕೇ ಬಿಟ್ಟುಕೊಡಬಹುದು. ತಿಂಗಳುಗಟ್ಟಲೆ ಕುಳಿತು, ಚಕ್ರವನ್ನು ತೀಡಿ, ತಂತಿಯನ್ನು ಬೆಸೆದು, ಮೂಕವಾಗಿದ್ದುದನ್ನು ಹಾಡಿಸಿದ ವಸ್ತುವನ್ನು ಬಿಟ್ಟುಕೊಡುವುದು ಕಷ್ಟ. ಅದರಲ್ಲಿ ತನ್ನ ಶ್ರಮವೇ ನೆಲಸಿರುತ್ತದೆ. ನೆರೆಮನೆಯ ಹುಡುಗನು ಸೂಜಿಯನ್ನು ಮುಟ್ಟಿದರೆ ಕೋಪ ಬರುವುದು ಅಲ್ಲಿಂದಲೇ. ಆದುದರಿಂದ ದುರಸ್ತಿಯು ಪರಿಗ್ರಹವನ್ನು ತಗ್ಗಿಸುವುದೆಂಬ ಮಾತು ಅರ್ಧಸತ್ಯ. ವಸ್ತುಗಳ ಸಂಖ್ಯೆ ತಗ್ಗಬಹುದು, ಮೂರ್ಛೆ ಹೆಚ್ಚಬಹುದು.

ಇದಕ್ಕೆ ಉಪಾಯ ದುರಸ್ತಿಯನ್ನು ತೊರೆಯುವುದಲ್ಲ, ಅದಕ್ಕಿಂತ ಮೊದಲು ಮಿತಿಯನ್ನು ನಿಶ್ಚಯಿಸುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಪರಿಮಾಣವನ್ನು ವಿವರಿಸುವಾಗ ಜೀವನಪರ್ಯಂತದ ಯಮವನ್ನೂ ಕಾಲಮಿತಿಯ ನಿಯಮವನ್ನೂ ಬೇರ್ಪಡಿಸಿ, ನಿಯಮಕ್ಕೆ ತಕ್ಕ ವಿಷಯಗಳಲ್ಲಿ ಅನ್ನ, ವಾಹನ, ವಸ್ತ್ರಗಳೊಡನೆ ಸಂಗೀತವನ್ನೂ ಗೀತವನ್ನೂ ಎಣಿಸಿದ್ದಾರೆ. ಗೃಹಸ್ಥನಿಗೆ ಸಂಗೀತ ವರ್ಜ್ಯವೆಂದು ಇದರ ಅರ್ಥವಲ್ಲ. ಅದಕ್ಕೂ ಅಳತೆಯುಂಟೆಂದು ಅರ್ಥ. ಯಂತ್ರ ಒಂದೇ, ತಟ್ಟೆಗಳು ಇಷ್ಟೇ, ಹೊಸತೊಂದು ಬಂದರೆ ಹಳೆಯದೊಂದು ಇನ್ನೊಬ್ಬರ ಮನೆಗೆ ಹೋಗತಕ್ಕದ್ದು ಎಂದು ಮೊದಲ ತಿರುಪನ್ನು ಬಿಚ್ಚುವ ಮುನ್ನವೇ ಬರೆದಿಡುವುದು ಯುಕ್ತ. ಯಂತ್ರ ಹಾಡತೊಡಗಿದ ಮೇಲೆ ಆ ಸಂಖ್ಯೆಯನ್ನು ಮನಸ್ಸು ನಿರ್ಧರಿಸಲಾರದು, ಮೋಹವೇ ನಿರ್ಧರಿಸುತ್ತದೆ. ಅಷ್ಟಮಿ, ಚತುರ್ದಶಿಗಳ ಉಪವಾಸದಂದು ಯಂತ್ರವೂ ಮೌನವಾಗಿರಲಿ. ಉಪವಾಸದ ದಿನ ಕಿವಿಯಿಂದ ಧರ್ಮಶ್ರವಣ ನಡೆಯಲೆಂದು ಆಚಾರ್ಯರು ಬಯಸಿದ್ದಾರೆ. ನಾಲಗೆಯನ್ನು ಕಟ್ಟಿ ಕಿವಿಯನ್ನು ಹರಿಯಬಿಟ್ಟರೆ ಹೊತ್ತು ಕಳೆಯಲು ರಂಜನೆ ಸಿಕ್ಕೀತು, ಉಪವಾಸ ಅರೆಯಾಗುತ್ತದೆ.

ಇನ್ನು ಜೀರ್ಣೋದ್ಧಾರವೆಂಬ ಮಾತಿನ ತೂಕವನ್ನು ತಿಳಿಯಲು ಚಾಮರಾಜನಗರದಲ್ಲಿಯೇ ಸಾಕ್ಷಿಯುಂಟು. ಅರಕೊತ್ತಾರವೆಂಬ ಹಳೆಯ ಹೆಸರಿನ ಆ ಊರಿನಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನು ಬಸದಿಯನ್ನು ಕಟ್ಟಿಸಿದುದನ್ನು 1117ರ ಶಾಸನ ದಾಖಲಿಸಿದೆ. ಗಂಗವಾಡಿಯ ಬಸದಿಗಳನ್ನು ಅವನು ಅಲಂಕರಿಸಿದನೆಂದು ಹೇಳುವ ಆ ಶಾಸನ, ಕೆಟ್ಟುಹೋದ ವರ್ತಕನಿಗೂ ಬಿತ್ತಲು ಬೀಜವಿಲ್ಲದ ಒಕ್ಕಲಿಗನಿಗೂ ಅವನು ಬೇಕಾದುದನ್ನು ಕೊಟ್ಟು ನಿಲ್ಲಿಸಿದನೆಂದೂ ಸ್ಮರಿಸುತ್ತದೆ. ಅಲ್ಲಿ ಉದ್ಧಾರಗೊಂಡುದು ಹಳೆಯದೆಂಬ ಕಾರಣಕ್ಕಲ್ಲ, ಅನೇಕರಿಗೆ ಆಸರೆಯೆಂಬ ಕಾರಣಕ್ಕೆ. ಉದ್ಧರಿಸಿದವನ ಮನೆಯೊಳಗೆ ಅದು ಸೇರಲೂ ಇಲ್ಲ.

ಈ ಅಳತೆಯಲ್ಲಿ ನೋಡಿದರೆ ಗುಂಡ್ಲುಪೇಟೆಯ ಗೃಹಸ್ಥನ ಕೆಲಸ ಜೀರ್ಣೋದ್ಧಾರವಲ್ಲ. ಅದು ಒಂದು ಉಪಭೋಗದ ವಸ್ತುವಿನ ಒಳ್ಳೆಯ ದುರಸ್ತಿ. ಹಾಗೆಂದು ಕರೆದರೆ ಅದಕ್ಕೆ ಅವಮಾನವೇನೂ ಇಲ್ಲ. ಸರಿಹೋದ ಯಂತ್ರದ ಸುತ್ತ ಬೀದಿಯ ವೃದ್ಧರು ನಾಲ್ವರು ಕುಳಿತು ತಾವು ಮರೆತಿದ್ದ ಹಾಡನ್ನು ಕೇಳಿದರೆ, ಅದೇ ಕೈ ನೆರೆಯವರ ಕೆಟ್ಟ ಪಂಪನ್ನೂ ಹೊಲಿಗೆಯಂತ್ರವನ್ನೂ ಸರಿಪಡಿಸಿಕೊಟ್ಟರೆ, ಆ ವಿದ್ಯೆ ಪುಣಿಸಮಯ್ಯನ ದಾರಿಯಲ್ಲಿ ಒಂದೆರಡು ಹೆಜ್ಜೆ ಇಟ್ಟಂತೆ. ಅಲ್ಲಿಯವರೆಗೆ ಅವನ ಪರಿಗ್ರಹದ ಪಟ್ಟಿಯಲ್ಲಿ ಆ ಯಂತ್ರವನ್ನೂ ತಟ್ಟೆಗಳನ್ನೂ ಉಳಿದ ಸಾಮಾನುಗಳೊಡನೆ, ಯಾವ ವಿನಾಯಿತಿಯೂ ಇಲ್ಲದೆ, ಎಣಿಸಿ ಬರೆಯತಕ್ಕದ್ದು.