ದೀರ್ಘವ್ಯಾಧಿಯೂ ಅದರೊಳಗಣ ಒಳ್ಳೇದೂ

ಮೂರು ದಿವಸ ಜ್ವರ ಬಂದು ಎದ್ದವನನ್ನು ಹೇಗೆ ಸಂತೈಸಬೇಕೆಂಬದು ನಮ್ಮೆಲ್ಲರಿಗೂ ಗೊತ್ತುಂಟು. ಆದರೆ ಎಂದಿಗೂ ಪೂರಾ ಗುಣವಾಗದ ವ್ಯಾಧಿಯುಳ್ಳವನ ಮುಂದೆ ಕೂತಾಗ ನಮ್ಮ ಮಾತು ತಡವರಿಸುತ್ತದೆ. ಸುಮ್ಮನಿರಲಾರದೆ ನಾವು, ಇದೂ ನಿನ್ನ ಒಳ್ಳೇದಕ್ಕೇ ಬಂದದ್ದು ಎಂದು ಹೇಳಿ ಎದ್ದುಬರುತ್ತೇವೆ. ಹೇಳಿದವನ ಮನಸ್ಸು ಹಗುರಾಗುತ್ತದೆ, ಕೇಳಿದವನದು ಆಗುವದಿಲ್ಲ. ಇನ್ನು ಕೆಲವರು ಇದು ಯಾರು ಮಾಡಿದ ಪಾಪದ ಫಲವೋ ಎಂದು ಲೆಕ್ಕ ಹಾಕುವರು. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇಂಥದೇ ಪ್ರಶ್ನೆಯನ್ನು ಮಾಡಿದಾಗ ಕರ್ತನು ಆ ಲೆಕ್ಕವನ್ನು ಒಪ್ಪಲಿಲ್ಲವೆಂಬದನ್ನು ನಾವು ಬಲ್ಲೆವಷ್ಟೆ.

ವ್ಯಾಧಿಯು ಒಳ್ಳೇದಲ್ಲ. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುವದು ಲೇಸು. ಆದರೆ ವ್ಯಾಧಿಯ ಸಂಗಡ ಕಳೆಯುವ ಬಾಳಿನಲ್ಲಿ ಒಳ್ಳೇದೇನಾದರೂ ಉಂಟೋ ಎಂಬದು ಬೇರೆ ಪ್ರಶ್ನೆ. ಅದನ್ನೇ ಈಗ ವಿಚಾರಿಸುವ.

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ನಮ್ಮ ಈ ಯಾವ ಸೀಮೆಗೆ ಹೋದರೂ ಈಗ ಸಕ್ಕರೆ ಬೇನೆಯವರು ಕಾಣಸಿಗುತ್ತಾರೆ. ಜೀವಮಾನವೆಲ್ಲಾ ಇರುವ ಬೇನೆಯೆಂದು ವೈದ್ಯರು ಹೇಳಿದೊಡನೆ ಎದೆ ಕುಸಿಯುತ್ತದೆ. ಆದರೆ ಒಂದು ಸಂಗತಿಯನ್ನು ಕೇಳಿರಿ. ನೂರು ವರುಷಗಳಿಗೂ ಹಿಂದೆ ಈ ಬೇನೆಯು ಚಿಕ್ಕ ಮಕ್ಕಳಿಗೆ ಬಂದರೆ ಅದು ದೀರ್ಘವ್ಯಾಧಿಯಾಗಿರಲಿಲ್ಲ. ಕೂಸು ಒಣಗುತ್ತಾ ಬಂದು ಬೇಗನೆ ತೀರಿಹೋಗುತ್ತಿತ್ತು. 1922ರ ಜನವರಿಯಲ್ಲಿ ಕೆನಡಾ ದೇಶದ ಟೊರಾಂಟೊ ಪಟ್ಟಣದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರುಷದ ಹುಡುಗನಿಗೆ ಇನ್ಸುಲಿನ್ ಎಂಬ ಮದ್ದನ್ನು ಮೊಟ್ಟಮೊದಲು ಚುಚ್ಚಿದರು. ಸಾಯುವ ಸ್ಥಿತಿಯಲ್ಲಿದ್ದ ಅವನು 1935ರ ತನಕ ಬದುಕಿದನು. ಅವನ ಬೇನೆಯು ಹೋಗಲಿಲ್ಲ. ಅದು ದೀರ್ಘವಾಯಿತು, ಅಷ್ಟೇ. ಬೇನೆಯು ದೀರ್ಘವಾಗಬೇಕಾದರೆ ಆಯುಷ್ಯವೂ ದೀರ್ಘವಾಗಬೇಕಲ್ಲವೇ! ನಾವು ಹೆದರುವ ಆ ಮಾತಿನೊಳಗೇ ಇಂಥ ಒಂದು ಉಪಕಾರವು ಅಡಗಿದೆ.

ಎರಡನೆಯದು ಮನೆಯೊಳಗೆ ಕಾಣುವಂಥದು. ಈ ಬೇನೆ ಬಹುಕಾಲ ಹತೋಟಿ ತಪ್ಪಿದ್ದರೆ ಅಂಗಾಲಿನ ನರಗಳು ಜಡವಾಗುತ್ತವೆ. ಜಾಲಿಮುಳ್ಳು ಚುಚ್ಚಿದರೂ ತಿಳಿಯದು, ರಕ್ತದ ಓಟ ಕಡಿಮೆಯಾದದರಿಂದ ಗಾಯವೂ ಬೇಗ ಮಾಯದು. ಆದದರಿಂದ ಪ್ರತಿರಾತ್ರಿ ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಿಕೊಳ್ಳಬೇಕು. ವಯಸ್ಸಾದವನಿಗೆ ತನ್ನ ಅಂಗಾಲು ತನಗೆ ಕಾಣುವದಿಲ್ಲ. ಮೊಮ್ಮಗಳು ಬ್ಯಾಟರಿ ಹಿಡಿದು ನೋಡಬೇಕು. ಮನೆಯವರೆಲ್ಲರನ್ನೂ ಗದರಿಸಿಕೊಂಡೇ ಬಾಳಿದ ಹಿರಿಯನು ಒಂದು ಕೂಸಿನ ಮುಂದೆ ಕಾಲು ನೀಡಿ ಕೂಡ್ರುವದು ಸಣ್ಣ ಮಾತಲ್ಲ. ಬೇನೆಯಿಲ್ಲದಿದ್ದರೆ ಆ ಇಬ್ಬರಿಗೆ ದಿನಕ್ಕೆ ಐದು ನಿಮಿಷದ ಆ ಸಂಗವು ದೊರಕುತ್ತಿತ್ತೋ ಇಲ್ಲವೋ.

ಆದರೆ ಎಲ್ಲಕ್ಕಿಂತ ಹೆಚ್ಚಿನದು ಇನ್ನೊಂದುಂಟು. ಅದಕ್ಕೆ ಹಾನಗಲ್ಲ ತಾಲೂಕೇ ಸಾಕ್ಷಿ. ಅಲ್ಲಿಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಅವರನ್ನು ಕರೆದುಕೊಂಡು ಸಂಗೀತ ಕಲಿಯುವಂತೆ ಏರ್ಪಾಡು ಮಾಡಿದರು. ಅದೇ ತಾಲೂಕಿನಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು ಎಳೆಗೂಸಾಗಿದ್ದಾಗಲೇ ದೃಷ್ಟಿಯನ್ನು ಕಳಕೊಂಡು, ಮುಂದೆ ಪಂಚಾಕ್ಷರಿ ಗವಾಯಿಗಳ ಶಿಷ್ಯರಾದರು. 1944ರಲ್ಲಿ ಗುರುಗಳು ತೀರಿದ ಮೇಲೆ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡಿಸಿ, ಅಂಧ ಮಕ್ಕಳಿಗೆ ವಿದ್ಯೆ ಕೊಡುತ್ತಾ 2010ರ ತನಕ ಬಾಳಿದರು. ಅಂಧತ್ವವು ವ್ಯಾಧಿಯಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ನಿಜವೇ, ಆದರೆ ಮದ್ದಿನಿಂದ ಹೋಗದೆ ಜೀವಮಾನವೆಲ್ಲಾ ಜೊತೆಗಿರುವದರಲ್ಲಿ ಎರಡೂ ಒಂದೇ. ಕಣ್ಣಿಲ್ಲದ ಮಗುವಿನ ಬೆರಳನ್ನು ಹಾರ್ಮೋನಿಯಮ್ಮಿನ ಮೇಲೆ ಹೇಗೆ ಇರಿಸಬೇಕೆಂಬದನ್ನು ಕಣ್ಣಿಲ್ಲದ ಗುರುವು ತನ್ನ ಬೆರಳಿನಿಂದಲೇ ಬಲ್ಲನು. ಆ ಜ್ಞಾನವು ಅವರ ಕೊರತೆಯ ದಾರಿಯಲ್ಲಿಯೇ ಬಂದದ್ದು, ಇನ್ನೊಬ್ಬರಿಗೆ ದಾಟಿದ್ದೂ ಹಾಗೆಯೇ.

ನಮ್ಮ ಹಳ್ಳಿಗಳಲ್ಲಿ ಹತ್ತಿಪ್ಪತ್ತು ವರುಷ ಬೇನೆಯೊಡನೆ ಸಂಸಾರ ಮಾಡಿದವರ ಬಳಿ ಇಂಥ ಜ್ಞಾನವು ಬೇಕಾದಷ್ಟಿದೆ. ನಾವೋ ಅವರಿಗೆ ಸಮಾಧಾನ ಹೇಳಲು ಹೋಗುತ್ತೇವೆ, ಏನನ್ನೂ ಕೇಳಿಕೊಳ್ಳುವದಿಲ್ಲ. ಬರಿಗಾಲಲ್ಲಿ ನಡೆಯಬಾರದೆಂದು ದವಾಖಾನೆಯಲ್ಲಿ ಹೇಳಿ ಕಳುಹಿಸುವರು. ಭತ್ತದ ಗದ್ದೆಯ ಕೆಸರಿನಲ್ಲಿ ಚಪ್ಪಲಿ ನಿಲ್ಲುವದೇ? ಮೊಣಕಾಲುದ್ದದ ರಬ್ಬರು ಬೂಟನ್ನು ಹಾಕಬೇಕು, ಹಾಕುವ ಮೊದಲು ಒಳಗೆ ಕೈಯಾಡಿಸಿ ಹರಳುಂಟೋ ಎಂದು ನೋಡಬೇಕು ಎಂಬದನ್ನು ಹಾಗೆ ದುಡಿದವನು ಹೇಳಿದರೆ ಹೊಸಬನು ನಂಬುವನು. ವೈದ್ಯನು ಗುಳಿಗೆಯ ಪ್ರಮಾಣವನ್ನು ಬರೆದುಕೊಡುವನು. ಮದುವೆಯ ಪಂಕ್ತಿಯಲ್ಲಿ ಬೀಗರು ಹೋಳಿಗೆಯ ಮೇಲೆ ಹೋಳಿಗೆಯನ್ನಿಡುವಾಗ ಅವರ ಮನಸ್ಸು ನೋಯದಂತೆ ಎಲೆಯ ಮೇಲೆ ಕೈಯಡ್ಡ ಹಿಡಿಯುವದು ಹೇಗೆ? ಈ ವಾರ ಬೇನೆಯ ಸುದ್ದಿ ತಿಳಿದು ರಾತ್ರಿ ನಿದ್ದೆಯಿಲ್ಲದೆ ಹೊರಳುವವನು ಇದನ್ನು ಯಾರ ಮನೆಗೆ ಹೋಗಿ ಕೇಳಬೇಕೆಂಬದನ್ನು ನಮ್ಮಲ್ಲಿ ಯಾರಾದರೂ ಅವನಿಗೆ ತೋರಿಸಿಕೊಟ್ಟರೆ ಸಾಕು.