ಸೊಲ್ಲಾಪುರದ ಕೆರೆ, ಹೆಬೈಯ ಗುಡ್ಡ

1938ರ ಸೆಪ್ಟೆಂಬರ್ 1ರಂದು ಮುಂಬಯಿ ಬಂದರಿನಿಂದ ಹೊರಟ ‘ರಜಪುತಾನಾ’ ಹಡಗಿನಲ್ಲಿ ಐವರು ವೈದ್ಯರಿದ್ದರು. ಅಲಹಾಬಾದಿನ ಅಟಲ್, ನಾಗಪುರದ ಚೋಳ್ಕರ್, ಕಲ್ಕತ್ತೆಯ ಬಸು ಮತ್ತು ಮುಖರ್ಜಿ, ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್. ಕೋಟ್ನಿಸರಿಗೆ ಆಗಿನ್ನೂ ಇಪ್ಪತ್ತೆಂಟು ತುಂಬಿರಲಿಲ್ಲ. ಮುಂಬಯಿಯಲ್ಲಿ ವೈದ್ಯಕೀಯ ಓದು ಮುಗಿಸಿ ಮುಂದಿನ ಓದಿಗೆ ಸಿದ್ಧರಾಗುತ್ತಿದ್ದವರು, ಪುಸ್ತಕ ಮುಚ್ಚಿಟ್ಟು ಚೀನಾಕ್ಕೆ ಹೊರಟಿದ್ದರು. ಸಂಬಳಕ್ಕಾಗಿ ಅಲ್ಲ, ಪದವಿಗಾಗಿಯೂ ಅಲ್ಲ. ಅಲ್ಲಿ ಯುದ್ಧ ನಡೆಯುತ್ತಿತ್ತು, ಗಾಯಾಳುಗಳಿಗೆ ವೈದ್ಯರು ಸಾಲದಾಗಿದ್ದರು.

ಜಪಾನ್ ಚೀನಾದ ಮೇಲೆ ಪೂರ್ಣಪ್ರಮಾಣದ ಯುದ್ಧ ಆರಂಭಿಸಿ ಒಂದು ವರ್ಷ ದಾಟಿತ್ತು. ಚೀನಾದ ಸೇನಾನಿ ಝು ದೆ ವೈದ್ಯರನ್ನು ಕಳಿಸಿಕೊಡುವಂತೆ ಜವಾಹರಲಾಲ್ ನೆಹರೂ ಅವರನ್ನು ಕೇಳಿಕೊಂಡಿದ್ದರು. ಕಾಂಗ್ರೆಸ್ಸಿನ ಅಂದಿನ ಅಧ್ಯಕ್ಷ ಸುಭಾಷಚಂದ್ರ ಬೋಸ್ ದೇಶಕ್ಕೆ ಮನವಿ ಮಾಡಿದರು. ಜುಲೈನಲ್ಲಿ ‘ಚೀನಾ ದಿನ’ದ ಹೆಸರಲ್ಲಿ ನಿಧಿ ಕೂಡಿಸಿದಾಗ 22,000 ರೂಪಾಯಿ ಸೇರಿತು. ತಾನೇ ಪರರ ಆಳ್ವಿಕೆಯಲ್ಲಿದ್ದ ದೇಶವೊಂದು ಇನ್ನೊಂದು ದೇಶದ ನೋವಿಗೆ ಜೋಳಿಗೆ ಹಿಡಿದಿತ್ತು. ಸೊಲ್ಲಾಪುರದ ಮನೆಯಲ್ಲಿ ಮಾತ್ರ ಚೀನಾ ಎಂದರೆ ರೇಷ್ಮೆಯ ಗಂಟು ಹೊತ್ತು ಬೀದಿಯಲ್ಲಿ ಮಾರಿಕೊಂಡು ಬರುವವರ ಊರು, ಅಷ್ಟೇ ಗೊತ್ತು. ತಂದೆ ಶಾಂತಾರಾಮರು ಮಗನ ಬೆನ್ನು ತಟ್ಟಿದರು. ತಾಯಿ ಕೊರಗಿದರು.

ಆ ತಾಯಿಯ ಕೊರಗಿನಲ್ಲಿ ಒಂದು ಹಳೆಯ ಪ್ರಶ್ನೆಯಿದೆ. ಹತ್ತಿರದವರನ್ನು ಬಿಟ್ಟು ದೂರದವರ ಸೇವೆಗೆ ಹೋಗುವುದು ಧರ್ಮವೇ? ಸೊಲ್ಲಾಪುರದಲ್ಲಿ ರೋಗಿಗಳಿರಲಿಲ್ಲವೇ, ಹಳ್ಳಿಗಳಲ್ಲಿ ವೈದ್ಯರ ಬರವಿರಲಿಲ್ಲವೇ? ಮನೆ ಗೆದ್ದು ಮಾರು ಗೆಲ್ಲು ಎಂದು ಹಿರಿಯರು ಹೇಳಿದ್ದು ಹಗುರವಾಗಿ ಅಲ್ಲ.

ಶಾಸ್ತ್ರವಂತೂ ಕಡಲನ್ನೇ ಎಲ್ಲೆಯಾಗಿ ಗೀಚಿತ್ತು. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪತನಕ್ಕೆ ಕಾರಣವಾಗುವ ಕೃತ್ಯಗಳ ಸಾಲಿಗೆ ಸೇರಿಸಿತು. ಮುಂದಿನ ಕಾಲದ ನಿಬಂಧಕಾರರು ಅದನ್ನು ಕಲಿವರ್ಜ್ಯಗಳಲ್ಲಿ ಎಣಿಸಿದರು. ಇದು ಬರೀ ಪುಸ್ತಕದ ಮಾತಾಗಿ ಉಳಿಯಲಿಲ್ಲ. 1888ರಲ್ಲಿ ಓದಲೆಂದು ಇಂಗ್ಲೆಂಡಿಗೆ ಹೊರಟ ಹದಿನೆಂಟರ ಮೋಹನದಾಸ ಗಾಂಧಿಯನ್ನು ಮುಂಬಯಿಯ ಮೋಢ ಬನಿಯಾ ಪಂಚಾಯಿತಿ ಜಾತಿಯಿಂದ ಹೊರಗಿಟ್ಟಿತು. ಅವರ ಹಡಗು ಮುಂಬಯಿ ಬಿಟ್ಟದ್ದು ಸೆಪ್ಟೆಂಬರ್ 4ರಂದು. ಹೆಚ್ಚುಕಡಿಮೆ ಸರಿಯಾಗಿ ಐವತ್ತು ವರ್ಷದ ಮೇಲೆ ಕೋಟ್ನಿಸರ ಹಡಗು ಅದೇ ಬಂದರಿನಿಂದ ಹೊರಟಾಗ ಹೂಮಾಲೆಗಳಿದ್ದವು, ಬಹಿಷ್ಕಾರದ ಸದ್ದಿರಲಿಲ್ಲ. ಕಡಲು ದಾಟಿದರೆ ಜಾತಿ ಕೆಡುತ್ತದೆ ಎಂಬ ಭಯ ಅಷ್ಟರಲ್ಲಿ ಸವೆದುಹೋಗಿತ್ತು.

ಆದರೆ ಗಂಭೀರವಾದ ಆಕ್ಷೇಪವನ್ನು ಎತ್ತಿದವರು ಅದೇ ಗಾಂಧಿ. 1916ರ ಫೆಬ್ರವರಿಯಲ್ಲಿ ಮದರಾಸಿನ ಮಿಷನರಿ ಸಮ್ಮೇಳನದಲ್ಲಿ ಮಾತನಾಡುತ್ತ ಅವರು ಸ್ವದೇಶಿ ಎಂಬ ಮಾತಿಗೆ ಬಟ್ಟೆಯನ್ನು ಮೀರಿದ ಅರ್ಥ ಕೊಟ್ಟರು. ದೂರದ್ದನ್ನು ಬಿಟ್ಟು ತನ್ನ ಸುತ್ತಲಿನದನ್ನೇ ಬಳಸುವುದು, ಸುತ್ತಲಿನವರಿಗೇ ಸೇವೆ ಸಲ್ಲಿಸುವುದು ಅವರ ಪ್ರಕಾರ ಸ್ವದೇಶಿ. ಕಡಲು ದಾಟಿ ಸೇವೆಗೆಂದೇ ಬಂದವರು ಎದುರಿಗೆ ಕೂತಿದ್ದಾಗ ಆಡಿದ ಮಾತು ಇದು. ಅದರ ಹಿಂದಿನ ವಿಚಾರವನ್ನು ತಳ್ಳಿಹಾಕುವುದು ಸುಲಭವಲ್ಲ. ಪಕ್ಕದ ಮನೆಯವನ ಹಸಿವು, ಅವನ ಜಗಳ, ಅವನ ಕೃತಘ್ನತೆ, ಅವನ ಭಾಷೆಯ ಒಳಸುಳಿ ಎಲ್ಲ ನಮಗೆ ಗೊತ್ತು. ಮಾಡಿದ್ದು ತಪ್ಪಾದರೆ ನಾಳೆ ಅದೇ ಬೀದಿಯಲ್ಲಿ ಅವನಿಗೆ ಮುಖ ತೋರಿಸಬೇಕು. ದೂರದ ಬೆಟ್ಟವಾದರೋ ನುಣ್ಣಗೆ ಕಾಣುತ್ತದೆ. ಅಲ್ಲಿನ ಸಂಕಟಕ್ಕೆ ಹೆಸರಿಲ್ಲ, ಹಟವಿಲ್ಲ, ಅದು ಎದುರು ಮಾತಾಡುವುದಿಲ್ಲ. ಹಾಗಾಗಿ ಅದನ್ನು ಪ್ರೀತಿಸುವುದು ಅಗ್ಗ.

ಗಾಂಧಿಯವರ ಎಚ್ಚರಿಕೆಗೆ ಇಂದಿನ ಕಾಲವೇ ಸಾಕ್ಷಿ ಒದಗಿಸಿದೆ. ಕಾಂಬೋಡಿಯಾದ ಅನಾಥಾಶ್ರಮಗಳಿಗೆ ವಿದೇಶಿ ಸ್ವಯಂಸೇವಕರು ಒಂದು ವಾರಕ್ಕೆ, ಎರಡು ವಾರಕ್ಕೆ ಬರತೊಡಗಿದ ವರ್ಷಗಳಲ್ಲಿ ಅಂಥ ಆಶ್ರಮಗಳ ಸಂಖ್ಯೆಯೂ ಏರಿತು. ಯುನಿಸೆಫ್ ಮತ್ತು ಅಲ್ಲಿನ ಸರ್ಕಾರ 2011ರಲ್ಲಿ ಹೊರತಂದ ವರದಿಯ ಪ್ರಕಾರ, ಅಲ್ಲಿದ್ದ ಮಕ್ಕಳಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದರು. ಬಡ ಹೆತ್ತವರು ಮಗು ಓದಲಿ, ಉಣ್ಣಲಿ ಎಂದು ಬಿಟ್ಟುಹೋಗಿದ್ದರು. ಸೇವೆ ಮಾಡಬೇಕೆಂಬ ದೂರದವರ ಹಂಬಲವೇ ಮಕ್ಕಳನ್ನು ಮನೆಯಿಂದ ಹೊರಗೆ ಸೆಳೆಯುವ ಕೈಯಾಯಿತು. ಹೋದವರ ಮನಸ್ಸು ಕೆಟ್ಟದ್ದಾಗಿರಲಿಲ್ಲ. ಅವರು ಉಳಿಯಲಿಲ್ಲ, ಕೇಳಲಿಲ್ಲ, ಆ ಊರಿನ ಮಾತು ಕಲಿಯಲಿಲ್ಲ.

ಗಾಂಧಿಯವರ ಎದುರಿಗೆ ಕೂತ ಮಿಷನರಿಗಳ ಕೈಯಲ್ಲಿದ್ದ ಗ್ರಂಥದಲ್ಲೇ ಈ ಪ್ರಶ್ನೆಗೆ ಬೇರೊಂದು ದಾರಿಯಿತ್ತು. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಧರ್ಮಶಾಸ್ತ್ರ ಬಲ್ಲವನೊಬ್ಬ ಯೇಸುವಿನ ಬಳಿ ತನ್ನ ನೆರೆಯವನು ಯಾರೆಂದು ಕೇಳುತ್ತಾನೆ. ಉತ್ತರವಾಗಿ ಬರುವುದು ಕಳ್ಳರ ಕೈಗೆ ಸಿಕ್ಕು ದಾರಿಯಲ್ಲಿ ಬಿದ್ದವನ ಕಥೆ. ಅವನದೇ ಜನರಾದ ಯಾಜಕನೂ ಲೇವಿಯೂ ಪಕ್ಕಕ್ಕೆ ಸರಿದು ಹೋಗುತ್ತಾರೆ. ಅವನ ಜನ ದೂರವಿಡುತ್ತಿದ್ದ ಸಮಾರ್ಯದವನು ನಿಂತು, ಗಾಯಕ್ಕೆ ಎಣ್ಣೆ ಸುರಿದು, ಛತ್ರಕ್ಕೆ ಕರೆದೊಯ್ಯುತ್ತಾನೆ. ಕೊನೆಯಲ್ಲಿ ಯೇಸು ಪ್ರಶ್ನೆಯನ್ನೇ ತಿರುಗಿಸುತ್ತಾನೆ. ನನಗೆ ನೆರೆಯವನು ಯಾರು ಎಂದು ಎಣಿಸುವುದನ್ನು ಬಿಟ್ಟು, ಬಿದ್ದವನಿಗೆ ನೆರೆಯವನಾದದ್ದು ಯಾರು ಎಂದು ನೋಡಬೇಕಾಗುತ್ತದೆ. ಹಾಗೆ ನೋಡಿದರೆ ನೆರೆ ಎಂಬುದು ಹುಟ್ಟಿನಿಂದ ಸಿಕ್ಕ ಜಾಗವಲ್ಲ, ಒಬ್ಬನು ಆಗಬೇಕಾದ ಸ್ಥಿತಿ. ಆಗ ಗಾಂಧಿಯವರ ಮಾತೂ ಸುಳ್ಳಾಗುವುದಿಲ್ಲ, ಕಡಲು ದಾಟಿದವನ ಮಾತೂ ಸುಳ್ಳಾಗುವುದಿಲ್ಲ. ದಾಟಿದವನು ಆಚೆ ದಡದಲ್ಲಿ ನಿಜಕ್ಕೂ ನೆರೆಯವನಾದನೇ ಎಂಬುದೊಂದೇ ಉಳಿಯುವ ಪರೀಕ್ಷೆ.

ಕೋಟ್ನಿಸರಿಗೆ ಈ ಪರೀಕ್ಷೆ ದಾರಿಯಲ್ಲೇ ಎದುರಾಯಿತು. ಹಡಗಿಳಿದು ಕ್ಯಾಂಟನ್ ಮೂಲಕ ಅವರು ಹಾಂಕೌ ಸೇರಿದರು. ಅಕ್ಟೋಬರ್ ಕೊನೆಯ ಹೊತ್ತಿಗೆ ಕ್ಯಾಂಟನ್ ಬಿತ್ತು, ಬೆನ್ನಿಗೇ ಹಾಂಕೌ ಬಿತ್ತು. ಹಿಂದೆ ಸರಿಯುವ ಜನಸಾಗರದೊಂದಿಗೆ ವೈದ್ಯರ ತಂಡ ಯಾಂಗ್‌ತ್ಸೆ ನದಿಯ ಮೇಲುಭಾಗದ ಚೋಂಗ್‌ಕಿಂಗ್‌ಗೆ ಹೋಯಿತು. ಚೀನಾ ಸೇರಿದ ಕೆಲವೇ ತಿಂಗಳಲ್ಲಿ, ಬೆನ್ನು ತಟ್ಟಿ ಕಳಿಸಿದ್ದ ತಂದೆ ತೀರಿಕೊಂಡ ಸುದ್ದಿ ಕೋಟ್ನಿಸರಿಗೆ ಮುಟ್ಟಿತು. ಮಗನಾಗಿ ಮಾಡಬೇಕಾದ ಕರ್ಮ ಸೊಲ್ಲಾಪುರದಲ್ಲಿತ್ತು. ಮರಳಿ ಹೋಗಿದ್ದರೆ ಯಾರೂ ಬೆರಳೆತ್ತುತ್ತಿರಲಿಲ್ಲ. ಅವರು ಮರಳಲಿಲ್ಲ, 1939ರ ಆರಂಭದಲ್ಲಿ ಉತ್ತರದ ಯಾನ್‌ಆನ್ ಕಡೆಗೆ ನಡೆದರು. ಭಗವದ್ಗೀತೆ ಸ್ವಧರ್ಮ ದೊಡ್ಡದೆನ್ನುತ್ತದೆ. ಆದರೆ ಸತ್ತ ತಂದೆಯ ಋಣ ಒಂದು ಕಡೆ, ಕಣ್ಣೆದುರು ರಕ್ತ ಸುರಿಸುತ್ತಿರುವ ಅಪರಿಚಿತ ಇನ್ನೊಂದು ಕಡೆ ಇದ್ದಾಗ ಸ್ವಧರ್ಮ ಯಾವ ಕಡೆ ನಿಲ್ಲುತ್ತದೆ ಎಂಬುದನ್ನು ಯಾವ ಭಾಷ್ಯವೂ ಆ ವೈದ್ಯನ ಪರವಾಗಿ ತೀರ್ಮಾನಿಸಲಾರದು.

ಐವರ ಚೀನೀ ಹೆಸರುಗಳೂ ‘ಹುವಾ’ ಎಂಬ ಅಕ್ಷರದಿಂದ ಮುಗಿಯುತ್ತಿದ್ದವು. ಹುವಾ ಎಂದರೆ ಚೀನಾ. ಕೋಟ್ನಿಸರು ಕೆ ದಿಹುವಾ ಆದರು. ಬಿಡುವು ಸಿಕ್ಕಾಗಲೆಲ್ಲ ಭಾಷೆ ಕಲಿತರು. ಉಳಿದವರಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿ ಊರಿಗೆ ಮರಳಿದರೂ ಇವರು ಯುದ್ಧರಂಗಕ್ಕೆ ಇನ್ನಷ್ಟು ಹತ್ತಿರ ಹೋದರು. ಕೆನಡಾದಿಂದ ಹೀಗೆಯೇ ಬಂದಿದ್ದ ಶಸ್ತ್ರವೈದ್ಯ ನಾರ್ಮನ್ ಬೆಥೂನ್ 1939ರ ನವೆಂಬರಿನಲ್ಲಿ ಸತ್ತಿದ್ದರು. ಶಸ್ತ್ರಕ್ರಿಯೆ ಮಾಡುವಾಗ ಕೊಯ್ದುಕೊಂಡ ಬೆರಳು ನಂಜಾಗಿತ್ತು. 1941ರಲ್ಲಿ ಬೆಥೂನ್ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಹೊಣೆ ಕೋಟ್ನಿಸರ ಹೆಗಲಿಗೆ ಬಂತು. ಹೆಬೈ ಪ್ರಾಂತ್ಯದ ಗುಡ್ಡಗಾಡು ಹಳ್ಳಿಗಳ ನಡುವೆ ಅವರು ಚೀನೀ ಭಾಷೆಯಲ್ಲೇ ಶಸ್ತ್ರಚಿಕಿತ್ಸೆಯ ಪಾಠ ಹೇಳಿದರು. ಅಲ್ಲಿನ ದಾದಿ ಗುವೊ ಚಿಂಗ್‌ಲಾನ್ ಅವರ ಕೈ ಹಿಡಿದರು. ಪಾಠ ಹೇಳಿದ್ದು ಈ ಚರ್ಚೆಯಲ್ಲಿ ಮುಖ್ಯವಾದ ಸಂಗತಿ. ತಾನಿಲ್ಲದೆಯೂ ಕೆಲಸ ನಡೆಯಲಿ ಎನ್ನುವವನು ಮಾತ್ರ ತನ್ನ ವಿದ್ಯೆಯನ್ನು ಇನ್ನೊಬ್ಬರ ಭಾಷೆಗೆ ಇಳಿಸುತ್ತಾನೆ.

ಇದೇ ದಾರಿಯನ್ನು ನಾಲ್ಕು ದಶಕ ಮೊದಲು ಎದುರು ದಿಕ್ಕಿನಿಂದ ನಡೆದವರು ಮಾರ್ಗರೆಟ್ ನೋಬಲ್. ಐರ್ಲೆಂಡಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಶಾಲೆ ನಡೆಸುತ್ತಿದ್ದ ಆಕೆಗೆ ವಿವೇಕಾನಂದರು ಸಿಹಿ ಮಾತಿನ ಕರೆ ಕಳಿಸಲಿಲ್ಲ. ಬಿಸಿಲು, ಬಡತನ, ಸಂಶಯದಿಂದ ನೋಡುವ ಬಿಳಿಯರು, ಮುಟ್ಟದೆ ದೂರ ನಿಲ್ಲುವ ಊರಿನವರು ಎಲ್ಲವನ್ನೂ 1897ರ ಜುಲೈನ ಪತ್ರದಲ್ಲಿ ಮುಂದಿಟ್ಟರು. 1898ರ ಜನವರಿ 28ರಂದು ಆಕೆ ಕಲ್ಕತ್ತೆಯಲ್ಲಿ ಇಳಿದರು, ಮಾರ್ಚ್‌ನಲ್ಲಿ ನಿವೇದಿತಾ ಆದರು. ಆ ಬೇಸಗೆಯಲ್ಲಿ ಅಲ್ಮೋರದಲ್ಲಿ ಗುರು ಆಕೆಯ ಬ್ರಿಟಿಷ್ ಅಭಿಮಾನವನ್ನು ಕಟುವಾಗಿ ಪ್ರಶ್ನಿಸಿದಾಗ ಬಹಳ ನೊಂದರು. ಬಾಗ್‌ಬಜಾರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು ಇಷ್ಟೆಲ್ಲ ಆದಮೇಲೆ, ನವೆಂಬರಿನಲ್ಲಿ. ಮುಂದೊಮ್ಮೆ ರವೀಂದ್ರನಾಥ ಠಾಕೂರರು ತಮ್ಮ ಮಗಳಿಗೆ ಇಂಗ್ಲಿಷ್ ಕಲಿಸಬೇಕೆಂದು ಕೇಳಿದಾಗ ನಿವೇದಿತಾ ಒಪ್ಪಲಿಲ್ಲ. ಹೊರಗಿನದನ್ನು ತಂದು ಮಗುವಿನ ಮೇಲೆ ಹೇರುವುದರಲ್ಲಿ ಆಕೆಗೆ ಅರ್ಥ ಕಾಣಲಿಲ್ಲ. ಕೊಡಲೆಂದು ಬಂದವರು ಏನನ್ನು ಕೊಡಬಾರದೆಂದು ಕಲಿತದ್ದು ಹೀಗೆ.

ಕೋಟ್ನಿಸರ ಊರಿಗೇ ಮರಳಿದರೆ ಈ ಚರ್ಚೆಯ ಆಳವಾದ ಎಳೆಯೊಂದು ಕನ್ನಡದಲ್ಲೇ ಸಿಗುತ್ತದೆ. ಸೊಲ್ಲಾಪುರ ಎಂದರೆ ಶರಣರ ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮ ಅಲ್ಲಿ ಕೆರೆ ಕಟ್ಟಿಸಿದ, ಗುಡಿಗಳನ್ನು ಎತ್ತಿಸಿದ. ಅವನ ಲೋಕಸೇವೆ ಎಲ್ಲರ ಬಾಯಲ್ಲಿತ್ತು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಆ ಊರಿಗೆ ಬರುವುದು ಹೊಗಳುವುದಕ್ಕಲ್ಲ. ಕೆಲಸದಾಳುಗಳ ಎದುರೇ ಸಿದ್ಧರಾಮನನ್ನು ಕೆಣಕುತ್ತಾನೆ, ಅವರು ಎಸೆದ ಕಲ್ಲುಗಳಿಗೆ ಮೈಯೊಡ್ಡುತ್ತಾನೆ. ಕೆರೆಯಲ್ಲಿ ತಪ್ಪಿರಲಿಲ್ಲ. ಕಟ್ಟಿದವನು ನಾನು ಎಂಬ ಸೂಕ್ಷ್ಮವಾದ ಹಮ್ಮು ಆ ನೀರಿನಲ್ಲಿ ಕಲೆತಿರಬಹುದೇ ಎಂಬುದು ಅಲ್ಲಮನ ಅನುಮಾನ. ಸಿದ್ಧರಾಮ ಅದನ್ನು ಸಹಿಸಿದ, ಕಲ್ಯಾಣಕ್ಕೆ ನಡೆದ. ಶರಣರು ದಾನ ಎನ್ನದೆ ದಾಸೋಹ ಎಂದದ್ದೂ ಈ ಎಚ್ಚರದಿಂದಲೇ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ಕಡಲು ದಾಟಿ ಸೇವೆಗೆ ಹೊರಡುವವರಿಗೆ ಅಲ್ಲಮನ ಪ್ರಶ್ನೆ ಗಾಂಧಿಯವರ ಪ್ರಶ್ನೆಗಿಂತ ಕಷ್ಟದ್ದು. ಯಾನ ಉದ್ದವಾದಷ್ಟೂ, ತ್ಯಾಗ ದೊಡ್ಡದಾದಷ್ಟೂ ‘ನಾನು’ ಬೆಳೆಯಲು ಹೆಚ್ಚು ಜಾಗ.

ಕೋಟ್ನಿಸರ ಒಳಗೆ ಆ ‘ನಾನು’ ಎಷ್ಟು ಕರಗಿತ್ತು ಎಂದು ಅಳೆಯುವ ಹಕ್ಕು ಯಾರಿಗೂ ಇಲ್ಲ. 1942ರ ಡಿಸೆಂಬರ್ 9ರಂದು, ಪದೇ ಪದೇ ಬಂದ ಅಪಸ್ಮಾರದ ಆಘಾತದಿಂದ ಅವರು ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ಮಗನಿಗೆ ಆಗ ನಾಲ್ಕು ತಿಂಗಳೂ ತುಂಬಿರಲಿಲ್ಲ. ಅವನ ಹೆಸರು ಯಿನ್‌ಹುವಾ. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ. ಐವರಲ್ಲಿ ನಾಲ್ವರು ತಾಯ್ನಾಡಿಗೆ ಬಂದರು, ಒಬ್ಬರು ಬರಲಿಲ್ಲ. ಹೆಬೈಯಲ್ಲಿ ಎಷ್ಟು ಜೀವ ಉಳಿದರೂ ಸೊಲ್ಲಾಪುರದ ಆ ತಾಯಿಯ ಲೆಕ್ಕದಲ್ಲಿ ಒಂದು ಜೀವ ಕಡಿಮೆಯೇ. ನೆರೆಯವನಾಗುವುದೆಂದರೆ ಒಂದು ಅಂಗಳವನ್ನು ಬರಿದು ಮಾಡಿ ಇನ್ನೊಂದಕ್ಕೆ ಹೋಗುವುದೂ ಹೌದು. ಆ ನೋವನ್ನು ಮರೆತು ಬರೆದ ಸೇವೆಯ ಕಥೆ ಅರ್ಧ ಕಥೆ.

ಪ್ರತಿ ಸಂಕ್ರಾಂತಿಗೆ ಸಿದ್ಧರಾಮನ ಜಾತ್ರೆಗೆ ಸೊಲ್ಲಾಪುರ ತುಂಬುತ್ತದೆ. ಎತ್ತರದ ನಂದಿಕೋಲುಗಳ ಮೆರವಣಿಗೆಯೊಂದಿಗೆ ಗಡಿಯ ಈಚೆಯ ಕನ್ನಡದ ಊರುಗಳಿಂದಲೂ ಜನ ಹೋಗಿ, ಕೆರೆಯ ನಡುವಿನ ಗುಡಿಯಲ್ಲಿ ಕೈಮುಗಿಯುತ್ತಾರೆ. ಏಪ್ರಿಲ್‌ನಲ್ಲಿ ಹಿರಿಯರ ಸಮಾಧಿಗಳನ್ನು ಗುಡಿಸಿ ಸ್ಮರಿಸುವ ಚಿಂಗ್‌ಮಿಂಗ್ ಹಬ್ಬದ ದಿನ, ಶಿಜಿಯಾಝುವಾಂಗ್ ನಗರದ ಹುತಾತ್ಮರ ಉದ್ಯಾನದಲ್ಲಿ ಚೀನಾದ ಜನ ಕೆ ದಿಹುವಾ ಎಂಬವರ ಸಮಾಧಿಗೆ ಹೂವಿಡುತ್ತಾರೆ, ತಮ್ಮ ಮನೆಯ ಹಿರಿಯರಿಗೆ ಇಡುವ ಹಾಗೆಯೇ.